ಒಂದೇ ನೆಲದ ಹಲವು ಶೋಧಗಳು

ಕಷಾಯ ಕುದಿದ ಮೇಲೆ ಅದನ್ನು ತೆಳುವಾದ ಬಟ್ಟೆಯಲ್ಲಿ ಶೋಧಿಸುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಮಾತು. ಗಷ್ಟನ್ನು ಬಿಟ್ಟು ಸಾರವನ್ನು ಇಳಿಸಿಕೊಳ್ಳುವುದು ಅದರ ಉದ್ದೇಶ. ‘ಸಂಶೋಧನೆ’ ಎಂಬ ದೊಡ್ಡ ಶಬ್ದವೂ ಇದೇ ಧಾತುವಿನಿಂದ ಹುಟ್ಟಿದುದು. ಕೇಳಿದ್ದನ್ನು, ನಂಬಿದ್ದನ್ನು, ಊಹಿಸಿದ್ದನ್ನು ಪ್ರಮಾಣವೆಂಬ ಬಟ್ಟೆಯಲ್ಲಿ ಸೋಸಿ, ಇಳಿದು ಬಂದುದನ್ನು ಮಾತ್ರ ಜ್ಞಾನವೆಂದು ಸ್ವೀಕರಿಸುವ ಕ್ರಮಕ್ಕೆ ಆ ಹೆಸರು ಸಲ್ಲುತ್ತದೆ. ವೈದ್ಯನ ಬಟ್ಟೆ ಒಂದು ಬಗೆಯದು, ಶಾಸನತಜ್ಞನದು ಮತ್ತೊಂದು, ಭೂಮಾಪಕನದು ಮಗದೊಂದು. ಕೆಲಸ ಮಾತ್ರ ಒಂದೇ.

ಇಷ್ಟನ್ನು ಹೇಳಬೇಕಾದ ಅಗತ್ಯವೇನೆಂದರೆ, ಸಂಶೋಧನೆ ಎಂದೊಡನೆ ಇಂದು ನಮ್ಮ ಕಣ್ಣಿಗೆ ಕಟ್ಟುವುದು ಬಿಳಿಯ ಅಂಗಿ ಮತ್ತು ಗಾಜಿನ ನಳಿಗೆಗಳು ಮಾತ್ರ. ವಿದ್ಯಾಸಂಸ್ಥೆಗಳಿಗೆ ಉದಾರವಾಗಿ ನೆರವಾಗುವ ಮಹನೀಯರು ಪ್ರಯೋಗಾಲಯದ ಮೇಲೆ ತೋರುವ ಉತ್ಸಾಹವನ್ನು ಭಾಷಾವಿಭಾಗದ ಪುಸ್ತಕಭಂಡಾರದ ಮೇಲೆ ತೋರುವುದು ವಿರಳ. ತಂದೆತಾಯಿಗಳೂ ಹಾಗೆಯೇ, ವಿಜ್ಞಾನ ಓದುವ ಮಗ ಸಂಶೋಧಕನಾಗುವನೆಂದೂ ಕನ್ನಡ ಓದುವ ಮಗಳು ಹೆಚ್ಚೆಂದರೆ ಉಪಾಧ್ಯಾಯಿನಿಯಾಗುವಳೆಂದೂ ಅವರ ಲೆಕ್ಕ. ಈ ವಿಂಗಡಣೆ ಎಷ್ಟು ಇತ್ತೀಚಿನದು, ಎಷ್ಟು ಅಸಹಜವಾದುದು ಎಂಬುದನ್ನು ತೋರಿಸಲು ದೂರದ ದೇಶಗಳ ಚರಿತ್ರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ ಹಬ್ಬಿರುವ ಹಲಸೂರು, ದೊಮ್ಮಲೂರು, ಇಂದಿರಾನಗರ, ವಿಮಾನಪುರಗಳ ನೆಲವೇ ಸಾಕು.

ದಂಡು ಇಲ್ಲಿ ನೆಲೆಗೊಂಡದ್ದು 1809ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲು, 1800ರ ಅಕ್ಟೋಬರಿನಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬಾಣಸವಾಡಿಯಿಂದ ಅಗರದವರೆಗೆ ನೆಲದ ಮೇಲೆ ಒಂದು ನೇರ ರೇಖೆಯನ್ನು ಅಳೆಯತೊಡಗಿದರು. ರೇಖೆಯ ಉದ್ದ ಏಳು ಮೈಲಿಗಿಂತ ಸ್ವಲ್ಪ ಹೆಚ್ಚು; ಅಳೆದು ಮುಗಿಸಲು ಸುಮಾರು ಎಂಟು ವಾರಗಳು ಹಿಡಿದವು. ಇಂದಿನ ಇಂದಿರಾನಗರದ ಕಡೆಯ ನೆಲವೆಲ್ಲ ಆ ಎರಡು ತುದಿಗಳ ನಡುವೆ ಬರುತ್ತದೆ. ಒಂದು ತ್ರಿಭುಜದ ಒಂದು ಬಾಹುವಿನ ಉದ್ದವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದೆಂಬುದನ್ನು ನಮ್ಮ ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಹಾಗೆ ಪಡೆದ ಬಾಹುವೇ ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ತ್ರಿಭುಜದ ಮೇಲೆ ತ್ರಿಭುಜವನ್ನು ಹೆಣೆಯುತ್ತ ಬೆಟ್ಟದಿಂದ ಬೆಟ್ಟಕ್ಕೆ ದೇಶವನ್ನೇ ಅಳೆಯಬಹುದು. ಆದರೆ ಮೊದಲನೆಯ ರೇಖೆಯಲ್ಲಿ ತಪ್ಪಾದರೆ ಆ ತಪ್ಪು ಕಡೆಯವರೆಗೂ ಬೆನ್ನು ಬಿಡದು.

ಲ್ಯಾಂಬ್ಟನ್ನರು ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಣಿ. ಅದು ಮೂಲತಃ ಚೀನಾದ ಚಕ್ರವರ್ತಿಗೆ ಕಾಣಿಕೆಯೆಂದು ಇಂಗ್ಲೆಂಡಿನಿಂದ ಹೊರಟ ಸಾಮಗ್ರಿ. ಅಲ್ಲಿ ಸ್ವೀಕೃತವಾಗದೆ ಕಲ್ಕತ್ತೆಗೆ ಬಂದು, ಅಲ್ಲಿಂದ ಇವರ ಕೈ ಸೇರಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಸರಪಣಿಯ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ನೂರು ಅಡಿಗೆ ಆಗುವ ವ್ಯತ್ಯಾಸ ಒಂದು ಅಂಗುಲದ ಏಳನೆಯ ಒಂದು ಭಾಗದಷ್ಟು. ಕೇಳಲು ಅಲ್ಪವೇ, ಏಳು ಮೈಲಿಗೆ ಅದು ನಾಲ್ಕು ಅಡಿಯನ್ನು ಮೀರುತ್ತದೆ. ಆದಕಾರಣ ಸರಪಣಿಯನ್ನು ಗೂಟಗಳ ಮೇಲೆ ಸಮತಲವಾಗಿ ನಿಲ್ಲಿಸಿದ ಮರದ ಪೆಟ್ಟಿಗೆಗಳಲ್ಲಿ ಚಾಚಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿರಿಸಿ, ಪ್ರತಿ ಸಾರಿಯೂ ಉಷ್ಣತೆಯನ್ನು ಗುರುತು ಹಾಕಿಕೊಂಡು ಲೆಕ್ಕವನ್ನು ತಿದ್ದಲಾಯಿತು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಭುಜಗಳನ್ನು ಕಟ್ಟುತ್ತ ಪಶ್ಚಿಮಕ್ಕೆ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಸರಪಣಿ ಹಿಡಿದು ನೋಡಿದಾಗ, ಲೆಕ್ಕದಿಂದ ಬಂದ ಉದ್ದಕ್ಕೂ ಅಳೆದ ಉದ್ದಕ್ಕೂ ಕಂಡ ಅಂತರ ಕೆಲವೇ ಅಂಗುಲಗಳು! ಮುಂದೆ ಹಿಮಾಲಯದವರೆಗೆ ಸಾಗಿದ ಮಹಾ ತ್ರಿಕೋನಮಿತಿ ಮೋಜಣಿಯ ಮೊದಲ ಹೆಜ್ಜೆಗಳು ಇವು. ಫಲಿತಾಂಶಕ್ಕಿಂತಲೂ ಮಿಗಿಲಾಗಿ, ತನ್ನ ಲೆಕ್ಕವನ್ನು ತಾನೇ ಮತ್ತೊಂದು ದಾರಿಯಿಂದ ಪರೀಕ್ಷೆಗೊಡ್ಡಿದ ಆ ಶಿಸ್ತು ನಮ್ಮ ಉಪಾಧ್ಯಾಯ ಮಿತ್ರರ ಗಮನಕ್ಕೆ ಬರಬೇಕಾದುದು.

ದಂಡಿನ ಮ್ಯೂಸಿಯಂ ರಸ್ತೆಯಲ್ಲಿ ಓಡಾಡುವವರು ಅನೇಕರು; ಅಲ್ಲಿ ಮ್ಯೂಸಿಯಂ ಎಲ್ಲಿದೆಯೆಂದು ಕೇಳುವವರು ಕಡಿಮೆ. 1865ರಲ್ಲಿ ಸ್ಥಾಪನೆಯಾದ ಸರಕಾರಿ ವಸ್ತುಸಂಗ್ರಹಾಲಯವು ಮೊದಲು ಅಲ್ಲಿದ್ದು, 1877ರಲ್ಲಿ ಈಗಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡಕ್ಕೆ ಬಂದಿತು. ಅದನ್ನು ಕಟ್ಟಲು ಮುಂದಾದವರು ಎಡ್ವರ್ಡ್ ಬಾಲ್ಫೋರ್ ಎಂಬ ಸೇನಾವೈದ್ಯರು. ಬೆಂಬಲವಿತ್ತವರು ಆಗಿನ ಕಮಿಷನರ್ ಬೌರಿಂಗ್. ಶಿವಾಜಿನಗರದ ಆಸ್ಪತ್ರೆಯ ಹೆಸರಿನಲ್ಲಿ ಬೌರಿಂಗ್ ಇಂದಿಗೂ ಜನರ ನಾಲಗೆಯ ಮೇಲಿದ್ದಾರೆ, ಬಾಲ್ಫೋರ್ ಮರೆತುಹೋಗಿದ್ದಾರೆ. ಇದು ನ್ಯಾಯವಲ್ಲ. ಸ್ಕಾಟ್ಲೆಂಡಿನಲ್ಲಿ 1813ರಲ್ಲಿ ಹುಟ್ಟಿ 1834ರಲ್ಲಿ ಭಾರತಕ್ಕೆ ಬಂದ ಈತ ಸೈನಿಕರ ರೋಗ ಮರಣಗಳ ಅಂಕಿಅಂಶಗಳನ್ನು ಕೂಡಿಹಾಕಿ ಅಭ್ಯಸಿಸಿದರು. ಮರಗಳಿಗೂ ದೇಶದ ವಾಯುಗುಣಕ್ಕೂ ಇರುವ ಸಂಬಂಧವನ್ನು ಕುರಿತು 1849ರಷ್ಟು ಹಿಂದೆಯೇ ಬರೆದರು. ಪಾರಸಿ, ಉರ್ದು ಕವಿತೆಗಳನ್ನು ಆಯ್ದು ಅಚ್ಚು ಹಾಕಿಸಿದರು. 1857ರಲ್ಲಿ ಭಾರತದ ಕುರಿತು ಒಂದು ವಿಶ್ವಕೋಶವನ್ನೇ ಹೊರತಂದರು. ಇವೆಲ್ಲಕ್ಕಿಂತ ನನಗೆ ಹಿರಿದಾಗಿ ತೋರುವುದು ಬೇರೊಂದು ಕೆಲಸ. ಸೂತಿಕಾವಿಜ್ಞಾನವನ್ನು ಕುರಿತ ಕಾಂಕ್ವೆಸ್ಟ್ ಎಂಬ ವೈದ್ಯರ ಇಂಗ್ಲಿಷ್ ಗ್ರಂಥವನ್ನು ಅವರು ಹಿಂದೂಸ್ತಾನಿಗೆ ತಾವೇ ಅನುವಾದಿಸಿದುದಲ್ಲದೆ, ಕನ್ನಡ, ತಮಿಳು, ತೆಲುಗುಗಳಿಗೆ ಬೇರೆಯವರಿಂದ ಅನುವಾದ ಮಾಡಿಸಿ ಸ್ವಂತ ಖರ್ಚಿನಲ್ಲಿ ಮುದ್ರಿಸಿದರು. ಹೆರಿಗೆಯ ಕೋಣೆಯಲ್ಲಿ ತಾಯಿ ಮಗುವಿನ ಪ್ರಾಣ ಯಾರ ಕೈಯಲ್ಲಿದೆಯೋ ಅವರ ಭಾಷೆಯನ್ನು ತಲುಪದ ವೈದ್ಯಶಾಸ್ತ್ರದಿಂದ ಫಲವಿಲ್ಲವೆಂಬುದನ್ನು ಆ ವೈದ್ಯರು ಬಲ್ಲವರಾಗಿದ್ದರು. ಅವರನ್ನು ಆರೋಗ್ಯದ ಸಂಶೋಧಕರೆನ್ನಬೇಕೋ, ಭಾಷೆಯ ಸಂಶೋಧಕರೆನ್ನಬೇಕೋ, ನಿಸರ್ಗವಿಜ್ಞಾನಿಯೆನ್ನಬೇಕೋ? ಪ್ರಶ್ನೆಯೇ ಅವರ ಕಾಲಕ್ಕೆ ಅರ್ಥವಾಗುತ್ತಿರಲಿಲ್ಲ.

ಅದೇ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಿಲೆಯಿದೆ. ಕ್ರಿ.ಶ. 949ರ ತಕ್ಕೋಲದ ಯುದ್ಧದ ಸಂದರ್ಭವನ್ನು ಹೇಳುವ ಆ ಶಾಸನದಲ್ಲಿ, ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಪ್ರತಿಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಮಡಿದುವೆಂದೂ ಹೇಳಿದೆ. ಮೇಲೆ ನಾಯಿ ಹಂದಿಗಳ ಕಾಳಗದ ಚಿತ್ರವೂ ಇದೆ. ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಇದರ ಮುಂದೆ ಐದು ನಿಮಿಷವಾದರೂ ನಿಲ್ಲಬೇಕು.

ಇಂಥ ಶಾಸನಗಳ ಸಂಗ್ರಹವನ್ನು ಶಾಸ್ತ್ರವಾಗಿಸಿದವರು ಬಿ.ಎಲ್. ರೈಸ್. ಅವರು ಬೆಂಗಳೂರಿನಲ್ಲೇ 1837ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದವರು. ವೃತ್ತಿಯಿಂದ ಮೊದಲು ಶಾಲೆಯ ಮುಖ್ಯೋಪಾಧ್ಯಾಯರು, ಬಳಿಕ ಶಾಲೆಗಳ ತನಿಖಾಧಿಕಾರಿ. ಮುಂದೆ ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. (ವಚನ ಸಾಹಿತ್ಯವನ್ನು ಓಲೆಗರಿಗಳಿಂದ ಎತ್ತಿ ಉಳಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರೂ ವಿಜಾಪುರದ ವಕೀಲರು. ಸಂಶೋಧಕನಾಗಲು ಪ್ರಾಧ್ಯಾಪಕನಾಗಿರಲೇಬೇಕೆಂಬ ನಿಯಮವೇನೂ ಇಲ್ಲ.)

ಶಾಸನವು ಜನರ ನಂಬಿಕೆಯನ್ನು ಹೇಗೆ ಶೋಧಿಸುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದಕಾಳು ಕೊಟ್ಟದ್ದರಿಂದ ಬೆಂದಕಾಳೂರು, ಅದೇ ಬೆಂಗಳೂರಾಯಿತೆಂಬ ಕಥೆ ನಮಗೆಲ್ಲ ಬಾಯಿಪಾಠ. ಬಲ್ಲಾಳನ ಕಾಲ ಹನ್ನೆರಡನೆಯ ಶತಮಾನದ ಕೊನೆ, ಹದಿಮೂರರ ಆರಂಭ. ಆದರೆ ಬೇಗೂರಿನ ದೇವಾಲಯದಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಊರಿನ ಹೆಸರು ಹಿಡಿದೇ ಹೇಳುತ್ತದೆ. ಮುದುಕಿಯ ಔದಾರ್ಯದ ಕಥೆ ಚೆನ್ನಾಗಿದೆ, ಮಕ್ಕಳಿಗೆ ಹೇಳಲೂಬಹುದು. ಊರಿನ ಹೆಸರಿಗೆ ಅದು ಕಾರಣವಾಗಿರಲು ಮಾತ್ರ ಸಾಧ್ಯವಿಲ್ಲ. ಎರಡನೆಯದು ದೊಮ್ಮಲೂರಿನದು. ದಂಡಿನ ಕಡೆಗೆ ತಮಿಳು ಬಂದದ್ದು ಮದರಾಸಿನ ಸಿಪಾಯಿಗಳೊಡನೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಹೊಯ್ಸಳರ ಕಾಲದ ತಮಿಳು ಶಾಸನಗಳು ಆ ಊರನ್ನು ತೊಂಬಲೂರೆಂದೂ ದೇಸಿಮಾಣಿಕ್ಕ ಪಟ್ಟಣವೆಂದೂ ಕರೆಯುತ್ತವೆ. ವಿಜಯನಗರದ ಕಾಲದ ಕನ್ನಡ ಶಾಸನವೂ ಅಲ್ಲಿದೆ. ಅಂದರೆ ಈ ನೆಲದಲ್ಲಿ ಎರಡು ನುಡಿಗಳು ಕೂಡಿ ಬಾಳಿದ್ದು ದಂಡಿಗಿಂತ ಐನೂರು ವರ್ಷ ಹಿಂದಿನ ಸಂಗತಿ. ಭಾಷೆಯ ಹೆಸರಿನಲ್ಲಿ ಬೀದಿಯಲ್ಲಿ ಕೂಗಾಡುವವರಿಗೆ ಕಲ್ಲು ಕೊಡುವ ಉತ್ತರ ಇದು.

ಇನ್ನು ಆರೋಗ್ಯದ ಮಾತು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರರ ವೈದ್ಯರು ಬೆಂಗಳೂರಿನ ದಂಡಿಗೆ ಬಂದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗೆ ನೀರಿನ ತೊಟ್ಟಿಯೊಂದಿತ್ತು. ಅದರಲ್ಲಿ ಹುಳುಗಳು ಮಿಜಿಗುಡುತ್ತಿದ್ದವು. ತೊಟ್ಟಿಯನ್ನು ಬರಿದುಮಾಡಿದಾಗ ಕೋಣೆಯ ಸೊಳ್ಳೆಗಳು ಬಹುಮಟ್ಟಿಗೆ ಇಲ್ಲವಾದವು. ಅಧಿಕಾರಿಗಳ ಭೋಜನಶಾಲೆಯಲ್ಲೂ ಹೀಗೆಯೇ ಮಾಡೋಣವೆಂದು ಸೂಚಿಸಿದರೆ, ಅಲ್ಲಿನ ಅಧಿಕಾರಿ ಸೃಷ್ಟಿಯ ಏರ್ಪಾಡನ್ನು ಕೆಡಿಸಬಾರದೆಂದು ನಿರಾಕರಿಸಿದನೆಂದು ರಾಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವುಂಟೆಂಬ ಕಲ್ಪನೆ ಆಗ ಅವರಿಗೂ ಇರಲಿಲ್ಲ. 1895ರಲ್ಲಿ ಕಾಲರಾ ಹಬ್ಬಿದಾಗ ಅವರನ್ನು ಮತ್ತೆ ಇಲ್ಲಿಗೆ ಕಳುಹಿಸಲಾಯಿತು. ಚರಂಡಿ, ಬಾವಿ, ನೀರು ಇವುಗಳ ತಪಾಸಣೆಯಲ್ಲಿ ದಿನಗಳು ಕಳೆದವು. ತರುವಾಯ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಪಾಠಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ರಾಸ್ ನಿಲ್ಲಲಿಲ್ಲ. ಕವಿತೆ, ಕಾದಂಬರಿಗಳನ್ನು ಬರೆಯುತ್ತಿದ್ದ ಆ ವೈದ್ಯರಿಗೆ ಗಣಿತದಲ್ಲಿ ತೀರದ ಆಸಕ್ತಿ. ಒಬ್ಬ ರೋಗಿಯಿಂದ ಎಷ್ಟು ಸೊಳ್ಳೆಗಳಿಗೆ, ಆ ಸೊಳ್ಳೆಗಳಿಂದ ಎಷ್ಟು ಮಂದಿಗೆ ರೋಗ ದಾಟುತ್ತದೆಂಬುದನ್ನು ಸಮೀಕರಣಗಳಲ್ಲಿಟ್ಟು, ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಇಳಿದರೆ ರೋಗ ತಾನಾಗಿ ಕ್ಷೀಣಿಸುವುದೆಂದು ತೋರಿಸಿದರು. ಪ್ರತಿಯೊಂದು ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ, ತೊಟ್ಟಿಗಳನ್ನು ಬರಿದುಮಾಡುತ್ತ ಬಂದರೂ ಪ್ರಯೋಜನವುಂಟು ಎಂಬುದಕ್ಕೆ ಇದು ಗಣಿತದ ಆಧಾರ. ಸಾಂಕ್ರಾಮಿಕ ರೋಗಗಳ ಗಣಿತಕ್ಕೆ ಇದು ಬುನಾದಿಯಾಯಿತು. 2020ರ ಕೋವಿಡ್ ಕಾಲದಲ್ಲಿ ನಾವು ದಿನವೂ ಕೇಳುತ್ತಿದ್ದ ಲೆಕ್ಕಗಳೂ ಈ ವಂಶದವೇ.

ದಂಡಿನ ಅಂಚಿಗೆ ಹೊಂದಿಕೊಂಡ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾದುದು. ಅಲ್ಲಿ ನಡೆದ ಒಂದು ಅಧ್ಯಯನ ನನ್ನ ದೃಷ್ಟಿಯಲ್ಲಿ ಕರ್ನಾಟಕದ ನೆಲದಲ್ಲಿ ನಡೆದ ಅತ್ಯುತ್ತಮ ಸಂಶೋಧನೆಗಳಲ್ಲೊಂದು. ಅದಕ್ಕೆ ಬಳಸಿದ ಉಪಕರಣ ಪ್ರಶ್ನೆ ಮಾತ್ರ. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮಿ ರಕ್ತ ಕಾರಿದರೂ ಆಸ್ಪತ್ರೆಗೆ ಬರುವುದಿಲ್ಲ. ಆದ್ದರಿಂದ ಕ್ಷಕಿರಣದ ಗಾಡಿಗಳನ್ನು ಊರೂರಿಗೆ ಒಯ್ದು ರೋಗಿಗಳನ್ನು ಹುಡುಕಬೇಕೆಂಬುದು ಆಗಿನ ಬಲ್ಲವರ ಅಭಿಪ್ರಾಯ. ಸಮಾಜವಿಜ್ಞಾನದ ಅಭ್ಯಾಸವಿದ್ದ ವೈದ್ಯ ಡಿ. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳೊಡನೆ ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಅಭಿಪ್ರಾಯವನ್ನು ಬುಡಮೇಲು ಮಾಡಿತು. ರೋಗಾಣು ಖಚಿತವಾಗಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ದೇಹಸ್ಥಿತಿಯ ಅರಿವಿತ್ತು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಕೆಮ್ಮಿನ ಔಷಧದ ನೀರು ಕೊಡಿಸಿಕೊಂಡು ಹಿಂತಿರುಗಿದ್ದರು! ಕೊರತೆಯಿದ್ದುದು ರೋಗಿಯ ತಿಳಿವಳಿಕೆಯಲ್ಲಲ್ಲ, ಅವನ ಮಾತಿಗೆ ಕಿವಿಗೊಡುವ ವ್ಯವಸ್ಥೆಯಲ್ಲಿ. ದೀರ್ಘಕಾಲದ ಕೆಮ್ಮು ಎಂದು ಹೇಳಿಕೊಂಡು ಬಂದವನ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷಿಸಿ ಔಷಧ ಕೊಡಬೇಕೆಂಬ ತತ್ತ್ವವು 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಸೂಕ್ಷ್ಮದರ್ಶಕ, ಸಂಖ್ಯಾಶಾಸ್ತ್ರ, ರೋಗಿಯ ಮನೆಮಾತು ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಈ ಸತ್ಯ ಹೊರಬೀಳುತ್ತಿರಲಿಲ್ಲ.

ಪೂರ್ವಕ್ಕೆ, ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಕಡೆಗೆ ಸಾಗಿದರೆ ವೈದ್ಯವಿಜ್ಞಾನದ ಇನ್ನೊಂದು ಮುಖ ಕಾಣುತ್ತದೆ. ವಿಮಾನಪುರದಲ್ಲಿ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಿಂದ ಇದೆ. ಯುದ್ಧವಿಮಾನ ಥಟ್ಟನೆ ತಿರುಗಿದಾಗ ಚಾಲಕನ ರಕ್ತ ಐದಾರು ಪಟ್ಟು ಭಾರವಾದಂತಾಗಿ ಕಾಲಿನತ್ತ ಇಳಿಯುತ್ತದೆ. ಮೊದಲು ದೃಷ್ಟಿ ಕುಗ್ಗಿ, ಆಮೇಲೆ ಕಣ್ಣು ಕತ್ತಲಿಟ್ಟು, ಕಡೆಗೆ ಎಚ್ಚರ ತಪ್ಪುತ್ತದೆ. ದೈತ್ಯಗಾತ್ರದ ತಿರುಗುಯಂತ್ರದಲ್ಲಿ ಕುಳ್ಳಿರಿಸಿ ಇದನ್ನು ನೆಲದ ಮೇಲೆಯೇ ಅಭ್ಯಸಿಸುತ್ತಾರೆ. 1984ರಲ್ಲಿ ಗಗನಕ್ಕೆ ಹೋದ ರಾಕೇಶ್ ಶರ್ಮರನ್ನು ಪರೀಕ್ಷಿಸಿದ್ದೂ, 2019ರಲ್ಲಿ ಗಗನಯಾನದ ಅಭ್ಯರ್ಥಿಗಳ ಮೊದಲ ಆಯ್ಕೆ ನಡೆದದ್ದೂ ಇಲ್ಲಿಯೇ. ಸನಿಹದ ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಗೆ ಆ ಹೆಸರು ಬಂದುದು ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ಗಾಳಿಸುರಂಗದಿಂದ. 1967ರಿಂದ ಅಲ್ಲಿ ವಿಮಾನ, ರಾಕೆಟ್ಟುಗಳ ಮಾದರಿಗಳ ಮೇಲೆ ಶಬ್ದವೇಗವನ್ನೂ ಮೀರಿದ ಗಾಳಿಯನ್ನು ಹಾಯಿಸಿ ನೋಡಲಾಗುತ್ತಿದೆ.

ಆ ಪ್ರಯೋಗಾಲಯಕ್ಕೆ 1984ರಿಂದ 1993ರವರೆಗೆ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರು ದ್ರವಗಳ ಕ್ಷುಬ್ಧ ಹರಿವನ್ನು ಅಭ್ಯಸಿಸಿ ಜಗತ್ತಿನ ಮನ್ನಣೆ ಗಳಿಸಿದವರು. ಮುಂಗಾರಿನ ಮೋಡಗಳನ್ನೂ ಅದೇ ಗಣಿತದಿಂದ ಅರಿಯಲೆಳಸಿದವರು. ಅವರೇ 1985ರಲ್ಲಿ ಹೈದರ್ ಟಿಪ್ಪುಗಳ ಕಾಲದ ಮೈಸೂರು ರಾಕೆಟ್ಟುಗಳ ಚರಿತ್ರೆಯನ್ನು ಬರೆದರು. ಕಬ್ಬಿಣದ ನಳಿಗೆಯಿಂದಾಗಿ ಅವು ಹೇಗೆ ಹೆಚ್ಚು ದೂರ ಚಿಮ್ಮುತ್ತಿದ್ದವು, ಅವುಗಳನ್ನು ನೋಡಿ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಹೇಗೆ ಪ್ರಯೋಗಗಳನ್ನು ಕೈಗೊಂಡನೆಂಬುದನ್ನು ಎಂಜಿನಿಯರನ ಕಣ್ಣಿನಿಂದ ವಿವರಿಸಿದರು. ಹಳೆಯ ದಾಖಲೆಗಳನ್ನು ಓದುವ ತಾಳ್ಮೆ ಅವರಲ್ಲಿ ಇರದಿದ್ದರೆ ಇದಾಗುತ್ತಿರಲಿಲ್ಲ.

ಶಿವಾಜಿನಗರದ ಅಂಗಡಿಯ ಹುಡುಗನೊಬ್ಬ ಗಿರಾಕಿಯ ಮುಖ ನೋಡಿ ದಖನಿ, ತಮಿಳು, ಕನ್ನಡಗಳ ನಡುವೆ ಹೊರಳುವುದನ್ನು ನಾವು ಸಾಮಾನ್ಯವೆಂದೇ ಬಗೆದಿದ್ದೇವೆ. ಈ ಹೊರಳುವಿಕೆಗೆ ಮಿದುಳಿನಲ್ಲಿ ಬೆಲೆಯುಂಟೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನರವೈದ್ಯರು. ಈಗ ನಮ್ಮ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆಗುಳಿ ರೋಗದ 648 ಮಂದಿಯನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗದ ಚಿಹ್ನೆಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಅಕ್ಷರ ಕಲಿಯದವರಲ್ಲೂ ಈ ಅಂತರವಿತ್ತಾದ್ದರಿಂದ ಇದು ಬರಿಯ ವಿದ್ಯಾಭ್ಯಾಸದ ಫಲವೆನ್ನುವಂತಿರಲಿಲ್ಲ. ಭಾಷೆ ಬಲ್ಲವರಿಗೆ ರೋಗವೇ ಬಾರದೆಂದು ಇದರ ಅರ್ಥವಲ್ಲ. ಬೇರೆ ಕಡೆಯ ಅಧ್ಯಯನಗಳು ಎಲ್ಲವೂ ಇದೇ ಉತ್ತರವನ್ನು ಕೊಟ್ಟಿಲ್ಲ.

1909ರಲ್ಲಿ ಆಗಿನ ದಂಡಿನ ಕಲೆಕ್ಟರ್ ಎಫ್.ಜೆ. ರಿಚರ್ಡ್ಸ್ ಅವರ ಪ್ರಯತ್ನದಿಂದ ಹುಟ್ಟಿದ ಮಿಥಿಕ್ ಸೊಸೈಟಿಯು ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಸುತ್ತಣ ಶಾಸನಗಳನ್ನು ಬೆಳಕಿನ ಕಿರಣದಿಂದ ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಕಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರವೂ ಕೂದಲೆಳೆಯಷ್ಟು ತಗ್ಗಿನಿಂದ ಗಣಕಯಂತ್ರದ ಪರದೆಯ ಮೇಲೆ ಮೂಡುತ್ತದೆ; ಹಿಂದೆ ತಪ್ಪಾಗಿ ಓದಿದ್ದನ್ನು ತಿದ್ದಿಕೊಳ್ಳಲು ಸಾಧ್ಯವಾಗುತ್ತದೆ. ಎಂಜಿನಿಯರನೂ ಹಳಗನ್ನಡ ಬಲ್ಲ ಪಂಡಿತನೂ ಒಂದೇ ಮೇಜಿಗೆ ಕೂಡದೆ ಈ ಕೆಲಸ ನಡೆಯದು. ಆದರೆ ಸ್ಕ್ಯಾನ್ ಮಾಡಲು ಮೊದಲು ಕಲ್ಲು ಇರಬೇಕಷ್ಟೆ. ಕೃಷ್ಣರಾಜಪುರ, ಹಲಸೂರುಗಳ ಸುತ್ತಣ ಹಳೆಯ ಗ್ರಾಮಗಳು ಬಡಾವಣೆಗಳ ನಡುವೆ ಕರಗಿಹೋಗಿವೆ. ರೈಸ್ ಅವರು 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಸಂಪುಟವು ಪ್ರತಿಯೊಂದು ಶಾಸನವೂ ಯಾವ ಊರಿನ ಯಾವ ಕೆರೆಯ, ಗುಡಿಯ, ಹೊಲದ ಬಳಿ ಇತ್ತೆಂದು ಹೇಳುತ್ತದೆ. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಆ ಸಂಪುಟವನ್ನು ದಾನಿಗಳೊಬ್ಬರು ತರಿಸಿಕೊಟ್ಟರೆ, ಒಂಬತ್ತನೆಯ ತರಗತಿಯ ಮಕ್ಕಳು ಭಾನುವಾರಗಳಂದು ಉಪಾಧ್ಯಾಯರೊಡನೆ ಒಂದೊಂದು ಊರಿಗೆ ಹೋಗಿ, ಹಿರಿಯರನ್ನು ವಿಚಾರಿಸಿ, ಕಲ್ಲು ಇದೆಯೇ ಇಲ್ಲವೇ ಎಂದು ಗುರುತು ಹಾಕಿಕೊಂಡು ಬರಬಹುದು. ಸಿಕ್ಕಿದರೆ ಅದರ ಎತ್ತರ, ಅಗಲ, ಮುಖ ಯಾವ ದಿಕ್ಕಿಗಿದೆಯೆಂಬುದನ್ನು ಬರೆಯಲಿ. ಬಟ್ಟೆ ಒಗೆಯುವ ಹಾಸುಗಲ್ಲಾಗಿದ್ದರೆ ಅದನ್ನೂ ಬರೆಯಲಿ. ಸಿಗದಿದ್ದರೆ ಕಡೆಯ ಬಾರಿ ಅದನ್ನು ಕಂಡವರು ಯಾರು, ಯಾವ ವರ್ಷದಲ್ಲಿ ಎಂಬುದನ್ನು ಕೇಳಿ ಬರೆದಿಡಲಿ.